ಮಾರುವ ಮುಂಚೆ ಏನು ರಿಪೇರಿ ಮಾಡಿಸಬೇಕು? ಮೈಸೂರಿನ ಒಂದು ಹಳೇ ಮನೆಯ ಪ್ರಕರಣ

ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ 30×40 ಸೈಟು. 1991ರಲ್ಲಿ ಕಟ್ಟಿದ ಮನೆ. ಪೂರ್ವಕ್ಕೆ ಬಾಗಿಲು, ಒಂದು ಹಾಲು, ಎರಡು ರೂಮು, ಅಡುಗೆಮನೆ, ಪುಟ್ಟ ದೇವರಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ನೆಲಕ್ಕೆ ಮೊಸಾಯಿಕ್. ತಾರಸಿಯ ಒಂದು ಮೂಲೆಯಲ್ಲಿ ಆಮೇಲೆ ಸೇರಿಸಿದ ಸಿಮೆಂಟ್ ಶೀಟಿನ ರೂಮು.

ಮನೆಯ ಒಡತಿ ನಿವೃತ್ತ ಶಿಕ್ಷಕಿ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಸುತ್ತು ಅಂಕಿಗೆ ತಂದಿದ್ದೇನೆ. ಹಳೇ ಮನೆಗಳ ರಿಪೇರಿ ನನ್ನ ಕೆಲಸ. ಈ ಪ್ರಕರಣಕ್ಕೆ ನಾನು ಬಂದಿದ್ದು ಅರ್ಧ ದಾರಿಯಲ್ಲಿ. ಅದಕ್ಕೂ ಮುಂಚಿನ ಕಥೆ ಟೀಚರ್ ಮತ್ತು ಅವರ ಮಗಳು ಹೇಳಿದ್ದು.

ಟೀಚರ್ ಅವರ ಯಜಮಾನರು ತೀರಿಕೊಂಡು ಕೆಲವು ವರ್ಷ ಆಗಿತ್ತು. ಮಂಡಿ ನೋವು ಜಾಸ್ತಿಯಾಗಿ ಅಷ್ಟು ದೊಡ್ಡ ಮನೆ ಗುಡಿಸಿ ಒರೆಸುವುದು ಕಷ್ಟವಾಯಿತು. ದೊಡ್ಡ ಮಗಳು ಬೆಂಗಳೂರಿನಲ್ಲಿ. ಅವಳ ಹತ್ತಿರವೇ ಒಂದು ಸಣ್ಣ ಫ್ಲ್ಯಾಟ್ ತಗೊಳ್ಳೋಣ, ಮೈಸೂರಿನ ಮನೆ ಮಾರೋಣ ಎಂದು 2025ರ ಸಂಕ್ರಾಂತಿ ಕಳೆದ ಮೇಲೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದರು. ಚಿಕ್ಕ ಮಗಳೂ ಒಪ್ಪಿದಳು. ರಿಪೇರಿಗೆ ಒಂದು ಲಕ್ಷ ದಾಟಬಾರದು ಎಂದು ಟೀಚರ್ ಆಗಲೇ ಹೇಳಿದ್ದರು. ಕೈಯಲ್ಲಿ ಇದ್ದದ್ದೂ ಹೆಚ್ಚುಕಮ್ಮಿ ಅಷ್ಟೇ.

ಸೈಟ್ ರೇಟು ಮಾತ್ರ ಎಂದ ಬ್ರೋಕರ್

ಬ್ರೋಕರ್ ಮೊದಲ ದಿನವೇ ಹೇಳಿದ್ದು ಇಷ್ಟು: "ಬಿಲ್ಡಿಂಗಿಗೆ ಬೆಲೆ ಇಲ್ಲಮ್ಮ, ಸೈಟ್ ರೇಟ್ ಅಷ್ಟೇ." ಆ ಬೀದಿಯಲ್ಲಿ ಚದರಡಿಗೆ ಸುಮಾರು 7,000 ನಡೆಯುತ್ತಿತ್ತು. 1,200 ಚದರಡಿಗೆ 84 ಲಕ್ಷ. ಅವರು ಕರೆತಂದ ಮೊದಲ ಪಾರ್ಟಿ ಒಬ್ಬ ಬಿಲ್ಡರ್. ಮನೆ ಒಳಗೆ ಕಾಲೇ ಇಡಲಿಲ್ಲ. ರಸ್ತೆ ಅಗಲ ನೋಡಿದ, ಮೂಲೆಗೆ ಹೋಗಿ ಸೈಟಿನ ಅಳತೆ ನೋಡಿದ, 80 ಲಕ್ಷ ಅಂದ.

ಬ್ರೋಕರ್ ಮಾತಿನಲ್ಲಿ ಸುಳ್ಳಿರಲಿಲ್ಲ. ಒಡೆದು ಕಟ್ಟುವವನಿಗೆ ಹಳೇ ಕಟ್ಟಡ ಅಂದರೆ ಒಡೆಯುವ ಖರ್ಚು. ಆದರೆ ಬಂದು ವಾಸ ಮಾಡುವ ಕುಟುಂಬಕ್ಕೆ ಹಾಗಲ್ಲ. ಸುಮಾರು 850 ಚದರಡಿಯ ಮನೆ ಅದು. ಸಾಧಾರಣ ಕೆಲಸಕ್ಕೆ ಚದರಡಿಗೆ 2,000 ಅಂತ ಹಿಡಿದರೂ ಹೊಸದಾಗಿ ಕಟ್ಟಲು 17 ಲಕ್ಷ ಬೇಕು. ಜೊತೆಗೆ ಒಂದು ವರ್ಷದ ಬಾಡಿಗೆ, ಓಡಾಟ, ತಲೆನೋವು. ಅಂಥವರು ಸೈಟ್ ರೇಟಿನ ಮೇಲೆ ಹತ್ತು ಲಕ್ಷ ಕೊಟ್ಟರೂ ಅವರಿಗೆ ನಷ್ಟವಿಲ್ಲ.

ಹಾಗಾಗಿ ಬಣ್ಣ ಯಾವುದು, ನಲ್ಲಿ ಯಾವುದು ಅನ್ನೋದಕ್ಕಿಂತ ಮುಂಚೆ ಯಾರಿಗೆ ಮಾರುತ್ತೀರಿ ಅನ್ನೋದು ತೀರ್ಮಾನ ಆಗಬೇಕು. ಟೀಚರ್ ವಾಸಕ್ಕೆ ಬರುವವರಿಗೇ ಕೊಡೋಣ ಎಂದರು. ಅವರಿಗೆ ಅದು ದುಡ್ಡಿನ ಲೆಕ್ಕ ಮಾತ್ರ ಆಗಿರಲಿಲ್ಲ. ಯಜಮಾನರು ನಿಂತು ಕಟ್ಟಿಸಿದ ಮನೆ ಉಳಿಯಲಿ ಅನ್ನೋ ಆಸೆಯೂ ಇತ್ತು.

ಮೊದಲ ಪ್ರಯತ್ನ: ಮಾರ್ಚಿನ ಪೇಂಟು

ಹಾಲಿನ ಉತ್ತರದ ಗೋಡೆಯಲ್ಲಿ, ಸೂರಿನ ಹತ್ತಿರ, ಒಂದು ತೇವದ ಕಲೆ ಇತ್ತು. ವರ್ಷಗಳಿಂದ ಇದ್ದದ್ದು. ಪಕ್ಕದ ರೂಮಿನ ಮೂಲೆಯಲ್ಲೂ ಸ್ವಲ್ಪ. ಯುಗಾದಿ ಹೊತ್ತಿಗೆ ಪಾರ್ಟಿಗಳು ಜಾಸ್ತಿ ಬರುತ್ತಾರೆ, ಅಷ್ಟರಲ್ಲಿ ಮನೆ ಮಿಂಚಬೇಕು ಎಂದು ಮನೆಯವರು ಪೇಂಟರ್ ಕರೆಸಿದರು. ಆತ ಕಲೆಯನ್ನು ಕೆರೆದು, ಪುಟ್ಟಿ ಹಚ್ಚಿ, ಒಳಗಡೆ ಎಲ್ಲ ಕಡೆ ಕೆನೆ ಬಣ್ಣ ಎರಡು ಕೋಟು ಬಳಿದ. ಖರ್ಚು 22,000. ಮೊಬೈಲ್ ಫೋಟೋದಲ್ಲಿ ಮನೆ ಹೊಸದಾಗಿ ಕಾಣಿಸಿತು.

ಫೋಟೋ ನೋಡಿ ಜನ ಬಂದರು. ಅವರಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದ ಒಂದು ಕುಟುಂಬಕ್ಕೆ ಮನೆ ಬಹಳ ಹಿಡಿಸಿತು. ಮಕ್ಕಳ ಶಾಲೆ ಹತ್ತಿರ, ಸಾಲಕ್ಕೆ ಬ್ಯಾಂಕು ಒಪ್ಪಿತ್ತು. ಬಾಯಿಮಾತಿನಲ್ಲಿ 92 ಲಕ್ಷಕ್ಕೆ ಬಂದು ನಿಂತಿದ್ದರು. ಅಕ್ಷಯ ತೃತೀಯಕ್ಕೆ ಅಡ್ವಾನ್ಸ್ ಕೊಡುವ ಮಾತಾಗಿತ್ತು.

ಏಪ್ರಿಲ್ ಕೊನೆಯಲ್ಲಿ ಸಂಜೆ ಮಳೆ ಶುರುವಾಯಿತು. ಆ ಕುಟುಂಬ ಹೆಂಡತಿಯ ತಂದೆಯನ್ನು ಕರೆದುಕೊಂಡು ಮತ್ತೆ ಬಂತು. ಅವರು ಸ್ವಂತ ಮನೆ ಕಟ್ಟಿಸಿದ ಹಿರಿಯರು. ಹಾಲಿಗೆ ಬಂದವರೇ ಉತ್ತರದ ಗೋಡೆಗೆ ಅಂಗೈ ಇಟ್ಟರು. ಬಣ್ಣ ಒಂದು ಕಡೆ ಸಣ್ಣಗೆ ಉಬ್ಬಿತ್ತು. ಉಗುರಿನಿಂದ ಒತ್ತಿದಾಗ ಅದು ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಒಳಗಿನ ಪುಟ್ಟಿ ಒದ್ದೆಯಾಗಿ ಬೆರಳಿಗೆ ಮೆತ್ತಿತು. ಆಮೇಲೆ ಅವರು ಆ ಕಲೆಯ ಬಗ್ಗೆ ಮಾತೇ ಆಡಲಿಲ್ಲ. ಉಳಿದ ರೂಮುಗಳ ಗೋಡೆ, ಸೂರು ನೋಡುತ್ತಾ ಹೋದರು. "ಎಲ್ಲಾ ಕಡೆ ಹೊಸ ಪೇಂಟಿದೆ. ಇನ್ನೆಲ್ಲೆಲ್ಲಿ ಏನಿದೆ ಅಂತ ಹೇಗೆ ಗೊತ್ತಾಗತ್ತೆ?" ಎಂದು ಅಳಿಯನನ್ನು ಕೇಳಿದರು.

ಅವತ್ತೇ ರಾತ್ರಿ ಫೋನು ಬಂತು. 92 ಹೋಗಿ 84 ಆಗಿತ್ತು. ಟೀಚರ್ ಯೋಚನೆ ಮಾಡಿ ಹೇಳುತ್ತೇನೆ ಎಂದರು. ವಾರದ ಮೇಲೆ ಆ ಕುಟುಂಬ ಫೋನ್ ಎತ್ತುವುದನ್ನೇ ಬಿಟ್ಟಿತು.

ಆ ಗೋಡೆಯ ರಿಪೇರಿಗೆ ಕೊನೆಗೆ ತಗುಲಿದ್ದು 14,000 ರೂಪಾಯಿ. ಅದೇ ಕಲೆಗೆ ಕೊಳ್ಳುವವರು ಕಳೆದದ್ದು 8 ಲಕ್ಷ. ಅವರದ್ದು ತಪ್ಪು ಲೆಕ್ಕ ಅಂತ ನನಗೆ ಅನಿಸುವುದಿಲ್ಲ. ಕೊಳ್ಳುವವರು ರಿಪೇರಿ ಖರ್ಚನ್ನು ಕಳೆಯುವುದಿಲ್ಲ, ತಮಗೆ ಗೊತ್ತಿಲ್ಲದ್ದರ ಭಯವನ್ನು ಕಳೆಯುತ್ತಾರೆ. ಕಲೆ ಕಲೆಯಾಗಿಯೇ ಕಂಡಿದ್ದರೆ ಅವರು ಒಂದು ಕಲೆಯ ಬಗ್ಗೆ ಚೌಕಾಸಿ ಮಾಡುತ್ತಿದ್ದರು. ಮುಚ್ಚಿದ ಕಲೆ ಸಿಕ್ಕಿದ್ದರಿಂದ ಇಡೀ ಮನೆಯ ಮೇಲೆ ಅನುಮಾನ ಬಂತು.

ಕಾನೂನಿನ ಮಾತೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಆಸ್ತಿಯಲ್ಲಿರುವ ಮುಖ್ಯ ದೋಷವೊಂದು ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂತಿದ್ದರೆ, ಮಾರುವವರು ಅದನ್ನು ತಿಳಿಸಬೇಕು. ಬೇರೆ ಕರಾರು ಇದ್ದರೆ ಮಾತು ಬೇರೆ. ಪುಟ್ಟಿ ಬಳಿದು ಮುಚ್ಚಿದರೆ ಆ ಹೊಣೆ ತಪ್ಪುವುದಿಲ್ಲ.

ನೀರು ಎಲ್ಲಿಂದ ಬರುತ್ತಿದೆ?

ಮೇ ಮೊದಲ ವಾರದಲ್ಲಿ ಟೀಚರ್ ನನ್ನನ್ನು ಕರೆಸಿದರು. ಅಷ್ಟರಲ್ಲಿ ಒಬ್ಬ ವಾಟರ್‌ಪ್ರೂಫಿಂಗ್ ಗುತ್ತಿಗೆದಾರ ತಾರಸಿ ಪೂರ್ತಿ ಮೆಂಬ್ರೇನ್ (ನೀರು ಇಳಿಯದ ಹಾಳೆ) ಹಾಕಲು ಒಂದೂಕಾಲು ಲಕ್ಷದ ಕೊಟೇಶನ್ ಕೊಟ್ಟು ಹೋಗಿದ್ದರು. ನಾನು ಎರಡು ಮಾತು ಹೇಳಿದೆ. ಸದ್ಯಕ್ಕೆ ಮನೆ ತೋರಿಸುವುದನ್ನು ನಿಲ್ಲಿಸಿ. ನೀರು ಬರುವ ಜಾಗ ಗೊತ್ತಾಗುವ ತನಕ ಯಾವ ಕೊಟೇಶನ್ನಿಗೂ ಹೂಂ ಅನ್ನಬೇಡಿ.

ತಾರಸಿ ಹತ್ತಿ ನೋಡಿದರೆ ಪಕ್ಕದ ಮನೆಯ ಹೊಂಗೆ ಮರದ ಎಲೆ ರಾಶಿ ಬಿದ್ದಿತ್ತು. ನೀರು ಹೋಗುವ ಎರಡು ಕಿಂಡಿಗಳಲ್ಲಿ ಒಂದು ಅರ್ಧ ಮುಚ್ಚಿಹೋಗಿತ್ತು. ಅದಕ್ಕಿಂತ ಮುಖ್ಯವಾಗಿ, ಶೀಟಿನ ರೂಮಿನ ಮೇಲೆ ಬಿದ್ದ ಮಳೆನೀರೆಲ್ಲ ಒಂದು ಪೈಪಿನಲ್ಲಿ ಬಂದು ಪ್ಯಾರಪೆಟ್, ಅಂದರೆ ತಾರಸಿಯ ಅಂಚಿನ ಗಿಡ್ಡ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಆ ಬುಡದ ಗಾರೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಅದರ ಸರಿಯಾಗಿ ಕೆಳಗೇ ಹಾಲಿನ ಉತ್ತರದ ಗೋಡೆ.

ಅನುಮಾನ ಸಾಲದು, ಖಾತ್ರಿ ಬೇಕು. ನೀರು ನಿಲ್ಲಿಸಿ ನೋಡುವ ಪರೀಕ್ಷೆ ಇದಕ್ಕೆ ಸುಲಭ, ಖರ್ಚೂ ಇಲ್ಲ. ತಾರಸಿಯ ನಡುವೆ ಗಾರೆಯಿಂದ ಒಂದು ಗಿಡ್ಡ ಬದು ಕಟ್ಟಿಸಿದೆವು. ಕಿಂಡಿಗಳಿಗೆ ಗೋಣಿಚೀಲ ತುರುಕಿದೆವು. ಕೆಳಗೆ ಹಾಲಿನಲ್ಲಿ ಕಲೆಯ ಅಂಚಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಮೊದಲು ಶೀಟಿನ ರೂಮು ಇಲ್ಲದ ಕಡೆ ಎರಡಿಂಚು ನೀರು ನಿಲ್ಲಿಸಿದ್ದು. ಎರಡು ದಿನ ಬಿಟ್ಟರೂ ಕೆಳಗೆ ಏನೂ ಇಲ್ಲ. ಆಮೇಲೆ ಇನ್ನೊಂದು ಕಡೆ ನೀರು ಬಿಟ್ಟೆವು. ಮಾರನೇ ಬೆಳಗ್ಗೆ ಒದ್ದೆ ಸೀಮೆಸುಣ್ಣದ ಗೆರೆ ದಾಟಿ ನಾಲ್ಕು ಬೆರಳು ಕೆಳಗೆ ಇಳಿದಿತ್ತು.

ಇಷ್ಟಾದ ಮೇಲೆ ಇಡೀ ತಾರಸಿಗೆ ಮೆಂಬ್ರೇನ್ ಹಾಕುವ ಪ್ರಶ್ನೆಯೇ ಉಳಿಯಲಿಲ್ಲ. ಪ್ಯಾರಪೆಟ್ ಬುಡದ ಹಳೇ ಗಾರೆ ಕಿತ್ತು, ಧೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆಯಲ್ಲಿ ಮೂಲೆಯನ್ನು ಗುಂಡಗೆ ತುಂಬಿಸಿದೆವು. ಮೂಲೆ ಚೌಕವಾಗಿದ್ದರೆ ಅಲ್ಲೇ ಮತ್ತೆ ಬಿರುಕು ಬಿಡುತ್ತದೆ. ಗೋಡೆಯ ಮೇಲೆ ಒಂದು ಅಡಿ, ತಾರಸಿಯ ಮೇಲೆ ಮೂರು ಅಡಿ ವಾಟರ್‌ಪ್ರೂಫ್ ಕೋಟಿಂಗ್. ಕಿಂಡಿಯ ಪೈಪು ಹೊಸದು, ಅಲ್ಲಿಗೆ ನೀರು ಹರಿಯಲು ಸರಿಯಾದ ವಾಟ. ಇಷ್ಟಕ್ಕೆ 14,000. ಮತ್ತೆ ನೀರು ನಿಲ್ಲಿಸಿ ನೋಡಿದಾಗ ಗೋಡೆಗೆ ಹೊಸ ಒದ್ದೆ ಬರಲಿಲ್ಲ.

ಶೀಟಿನ ರೂಮನ್ನೂ ತೆಗೆಸಿದೆವು. ಅದಕ್ಕೆ ಪ್ಲಾನ್ ಮಂಜೂರಾತಿ ಇರಲಿಲ್ಲ. ಬ್ಯಾಂಕಿನವರು ಬಂದಾಗ ಅದೊಂದು ಪ್ರಶ್ನೆಯಾಗುತ್ತಿತ್ತು. ಹಳೇ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆದರೆ ಬರುವ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅದಕ್ಕೇ ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಶೀಟುಗಳನ್ನು ಇಡಿಯಾಗಿಯೇ ಇಳಿಸಿದ್ದು. ಕೂಲಿ 6,000. ತಾರಸಿ ಬಯಲಾಯಿತು, ಅಲ್ಲಿಂದ ಚಾಮುಂಡಿ ಬೆಟ್ಟ ಕಾಣತೊಡಗಿತು. ಮುಂದೆ ಮನೆ ನೋಡಲು ಬಂದವರೆಲ್ಲ ಅಲ್ಲಿ ಸ್ವಲ್ಪ ಹೊತ್ತು ನಿಂತರು.

ಕಾಯುವ ಕೆಲಸ

ಎಲ್ಲರಿಗೂ ಕಷ್ಟವಾದದ್ದು ಇದು. ಸೋರುವುದು ನಿಂತರೂ ಗೋಡೆ ಒಣಗಲು ವಾರಗಟ್ಟಲೆ ಬೇಕು. ಒದ್ದೆ ಗೋಡೆಗೆ ಬಣ್ಣ ಬಳಿದರೆ ಮಾರ್ಚಿನ ಕಥೆಯೇ ಮತ್ತೆ. ಬ್ರೋಕರ್ ದಿನಾ ಫೋನ್ ಮಾಡಿ "ಪಾರ್ಟಿ ಇದ್ದಾರೆ, ಸುಮ್ನೆ ಒಂದು ಕೋಟ್ ಹೊಡೆಸಿ" ಅನ್ನುತ್ತಿದ್ದರು. ಟೀಚರ್ ಒಪ್ಪಲಿಲ್ಲ.

ಹೊಸ ಪುಟ್ಟಿಯನ್ನೆಲ್ಲ ಪ್ಲಾಸ್ಟರ್ ಕಾಣುವ ತನಕ ಕೆರೆಸಿದೆವು. ಗೋಡೆ ಒಣಗುತ್ತಾ ಬಂದ ಹಾಗೆ ಬಿಳಿ ಉಪ್ಪು ಮೇಲೆ ಬಂತು. ಅದನ್ನು ನೀರಿನಲ್ಲಿ ತೊಳೆಯಬಾರದು, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯುತ್ತಾ ಬಂದೆವು. ಮೈಸೂರಿನಲ್ಲಿ ಮೇ ಮತ್ತು ಅಕ್ಟೋಬರ್ ಮಳೆಯೇ ಜೋರು. ಜೂನ್, ಜುಲೈ ಅಷ್ಟಿಲ್ಲ. ಕಿಟಕಿ ತೆರೆದು, ಫ್ಯಾನ್ ಹಾಕಿ ಬಿಟ್ಟರೆ ಗೋಡೆ ಒಣಗುತ್ತದೆ. ಒಣಗಿತೋ ಇಲ್ಲವೋ ನೋಡಲು ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ ಮಾರನೇ ದಿನ ನೋಡುವುದು. ಒಳಗೆ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ ಅಂತ. ಮೊದಮೊದಲು ಹನಿ ಕಟ್ಟುತ್ತಿತ್ತು. ಜುಲೈ ಹೊತ್ತಿಗೆ ನಿಂತಿತು.

ಆಷಾಢದಲ್ಲಿ ಹೇಗೂ ಯಾರೂ ಮನೆ ನೋಡಲು ಬರುವುದಿಲ್ಲ. ಬಣ್ಣದ ಕೆಲಸಕ್ಕೆ ಅದೇ ಒಳ್ಳೇ ಕಾಲವಾಯಿತು. ಹಾಲಿಗೆ, ಮೂಲೆಯ ರೂಮಿಗೆ ಮತ್ತು ಮನೆಯ ಮುಂಭಾಗಕ್ಕೆ ಮಾತ್ರ ಬಣ್ಣ, 28,000. ಗೇಟು, ಕಿಟಕಿ ಗ್ರಿಲ್ಲಿಗೆ 7,000.

ಮಾಡಿಸಿದ್ದು, ಬಿಟ್ಟಿದ್ದು

ಮಾಡಿಸಬೇಡಿ ಎಂದು ಹೇಳಿದ ಕೆಲಸಗಳೇ ಇಲ್ಲಿ ದೊಡ್ಡವು. ಮಾಡ್ಯುಲರ್ ಕಿಚನ್ ಹಾಕಿಸೋಣ ಎಂದು ಮಗಳ ಆಸೆ. ಮೂರು ಲಕ್ಷದ ಅಂದಾಜು. ಅಡುಗೆಮನೆಯನ್ನು ಒಬ್ಬೊಬ್ಬರು ಒಂದೊಂದು ಥರ ಮಾಡಿಸಿಕೊಳ್ಳುತ್ತಾರೆ. ಕೊಳ್ಳುವವರು ನಮ್ಮ ಆಯ್ಕೆಗೆ ದುಡ್ಡು ಕೊಡುತ್ತಾರೆ ಅನ್ನೋ ಭರವಸೆ ಇಲ್ಲ. ಕಡಪ ಕಲ್ಲಿನ ಕಟ್ಟೆ ಉಜ್ಜಿ, ಸಿಂಕಿನ ನಲ್ಲಿ ಬದಲಿಸಿ, ಲೈಟು ಹಾಕಿ ಬಿಟ್ಟೆವು.

ಮೊಸಾಯಿಕ್ ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಕಿ ಎಂದು ಬ್ರೋಕರ್ ಹೇಳಿದ್ದರು. ಆ ನೆಲ ಗಟ್ಟಿಯಾಗಿತ್ತು, ಬರೀ ಮಂಕಾಗಿತ್ತು. ಕ್ಲೀನ್ ಮಾಡಲು ಬಂದ ಹುಡುಗ ಆ್ಯಸಿಡ್ ಬಾಟ್ಲಿ ಹಿಡಿದು ನಿಂತಿದ್ದ. ಅವನನ್ನು ತಡೆದದ್ದು ಒಳ್ಳೆಯದಾಯಿತು. ಮೊಸಾಯಿಕ್‌ನಲ್ಲಿರುವುದು ಅಮೃತಶಿಲೆಯ ಚೂರು ಮತ್ತು ಸಿಮೆಂಟು, ಎರಡನ್ನೂ ಆ್ಯಸಿಡ್ ತಿನ್ನುತ್ತದೆ. ಸುರಿದ ಜಾಗ ಗುಳಿಬಿದ್ದು ಇನ್ನಷ್ಟು ಮಂಕಾಗುತ್ತದೆ. ಮೆಷಿನ್ ಪಾಲಿಶ್ ಮಾಡಿಸಿದೆವು, ಸುಮಾರು 15,000. ಮೊದಲ ಕಲ್ಲು ಓಡಿದ ಮೇಲೆ ಬೂದು ಕೆಸರಿನ ಕೆಳಗಿಂದ ಹಸಿರು, ಕಂದು, ಕಪ್ಪು ಚೂರುಗಳು ಒಂದೊಂದಾಗಿ ಕಂಡವು. ಟೀಚರ್ ಅಲ್ಲೇ ನಿಂತು ನೋಡಿದರು. ಆ ಬಣ್ಣಗಳನ್ನು ಆರಿಸಿದ್ದು ತಾವೇ ಎಂದರು.

ಟಾಯ್ಲೆಟ್ ಈಶಾನ್ಯದಲ್ಲಿತ್ತು. ನೋಡಲು ಬಂದವರಲ್ಲಿ ಕೆಲವರು ವಾಸ್ತು ಎಂದು ಮುಖ ಸಿಂಡರಿಸಿದ್ದರು. ಅದನ್ನು ಸ್ಥಳಾಂತರ ಮಾಡಲು ಒಂದೂವರೆ ಲಕ್ಷಕ್ಕಿಂತ ಕಡಿಮೆ ಆಗುತ್ತಿರಲಿಲ್ಲ. ನೆಲ ಅಗೆದು ಹೊಸ ಪೈಪು ಹಾಕಿದರೆ ಹೊಸ ಸೋರಿಕೆಯ ಭಯ ಬೇರೆ. ಅದನ್ನು ಇದ್ದ ಹಾಗೇ ಬಿಟ್ಟು, ಫೋನಿನಲ್ಲೇ ಹೇಳಿಬಿಡಿ ಎಂದು ಬ್ರೋಕರ್‌ಗೆ ತಿಳಿಸಿದೆವು. ವಾಸ್ತು ಮುಖ್ಯ ಅನ್ನುವವರು ಬರಲಿಲ್ಲ. ಬಂದವರು ಅದನ್ನು ತಿಳಿದೇ ಬಂದರು.

ವೈರಿಂಗ್ ಮಾತ್ರ ಬಿಡುವ ಹಾಗಿರಲಿಲ್ಲ. ಹಳೇ ಕಿಟ್‌ಕ್ಯಾಟ್ ಫ್ಯೂಸು ತೆಗೆದು ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚು, ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಆರ್‌ಸಿಸಿಬಿ, ಗೀಸರ್‌ಗೆ ದಪ್ಪ ವೈರು, ಬಿರುಕು ಬಿಟ್ಟ ಸ್ವಿಚ್‌ಬೋರ್ಡುಗಳ ಬದಲಾವಣೆ. 14,000. ನಲ್ಲಿ, ಫ್ಲಶ್ ಟ್ಯಾಂಕಿಗೆ 6,500. ಸಂಪು, ಟ್ಯಾಂಕು, ಹಿತ್ತಲು ಕ್ಲೀನ್ ಮಾಡಲು 4,000. ಮಾರ್ಚಿನ ಪೇಂಟು ಬಿಟ್ಟು ಒಟ್ಟು 94,500 ಆಯಿತು. ಆ 22,000 ಸೇರಿಸದೆ ನೋಡಿದರೆ ಟೀಚರ್ ಹಾಕಿದ ಗೆರೆಯ ಒಳಗೇ, ಸೇರಿಸಿದರೆ ಸ್ವಲ್ಪ ಹೊರಗೆ.

ಕಾಗದದ ಕೆಲಸ ಜೊತೆಜೊತೆಗೇ ನಡೆಯಿತು. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ಯಜಮಾನರ ಹೆಸರಿನಲ್ಲೇ ಇತ್ತು. ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದು), ವಂಶವೃಕ್ಷ, ಇಬ್ಬರು ಹೆಣ್ಣುಮಕ್ಕಳ ಸಹಿ, ಆಮೇಲೆ ಇ-ಖಾತಾ (ಖಾತೆಯ ಡಿಜಿಟಲ್ ರೂಪ). 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನಗರದ ಆಸ್ತಿಯ ನೋಂದಣಿ ಆಗುವುದಿಲ್ಲ. ಖರ್ಚು ಕಡಿಮೆ, ಸಮಯ ಜಾಸ್ತಿ. ಬಣ್ಣದ ಡಬ್ಬ ತರುವ ಮುಂಚೆಯೇ ಇದಕ್ಕೆ ಅರ್ಜಿ ಹಾಕಬೇಕು.

ಫೈಲು ತೋರಿಸುವುದೋ ಬೇಡವೋ

ನನ್ನ ಪ್ರಕಾರ ಈ ಪ್ರಕರಣ ತಿರುಗಿದ್ದು ಇಲ್ಲಿ. ರಿಪೇರಿಯ ಪ್ರತಿ ಹಂತದ ಫೋಟೋ ತೆಗೆದಿದ್ದೆವು. ಕೆರೆದ ಗೋಡೆ, ಸೀಮೆಸುಣ್ಣದ ಗೆರೆ, ಬಿಚ್ಚಿದ ಪ್ಯಾರಪೆಟ್ ಬುಡ, ಮತ್ತೆ ನೀರು ನಿಲ್ಲಿಸಿದ ತಾರಸಿ. ಬಿಲ್ಲುಗಳೂ ಇದ್ದವು. ಇದನ್ನೆಲ್ಲ ಒಂದು ಫೈಲಿನಲ್ಲಿಟ್ಟು ಬಂದವರಿಗೆ ಮೊದಲೇ ತೋರಿಸಿ ಎಂದು ನಾನು ಹೇಳಿದೆ. ಬ್ರೋಕರ್ ತಲೆ ಮೇಲೆ ಕೈ ಇಟ್ಟುಕೊಂಡರು. "ಸೋರ್ತಾ ಇತ್ತು ಅಂತ ನಾವೇ ಹೇಳೋದಾ? ಪಾರ್ಟಿ ನಿಲ್ಲಲ್ಲ." ಮಗಳಿಗೂ ಅನುಮಾನವಿತ್ತು. ಟೀಚರ್ ಒಂದು ದಿನ ಯೋಚಿಸಿ ತೋರಿಸೋಣ ಎಂದರು. ಮಕ್ಕಳಿಗೆ ಪಾಠ ಮಾಡಿದವಳು ಹೀಗೆ ಮುಚ್ಚಿಟ್ಟು ಮಾರಿದರೆ ನಿದ್ದೆ ಬರಲ್ಲ ಅನ್ನೋದು ಅವರ ಮಾತು.

ಶ್ರಾವಣದಲ್ಲಿ ಜನ ಬರತೊಡಗಿದರು. ಫೈಲು ನೋಡಿ ಇಬ್ಬರು ಹಿಂದೆ ಸರಿದದ್ದು ನಿಜ. ಆಗಸ್ಟಿನಲ್ಲಿ ಬಂದ ಒಂದು ಕುಟುಂಬ ಮಾತ್ರ ಫೋಟೋಗಳನ್ನು ಒಂದೊಂದಾಗಿ ನೋಡಿತು. ಹಿಂದಿನ ರಾತ್ರಿ ಮಳೆ ಬಂದಿತ್ತು. ಗಂಡ ಗೋಡೆ ಮುಟ್ಟಿ ನೋಡಿದರು, ತಾರಸಿ ಹತ್ತಿ ಆ ಮೂಲೆ ನೋಡಿ ಬಂದರು. ಅವರ ಮುಂದಿನ ಪ್ರಶ್ನೆ ಸೋರಿಕೆಯ ಬಗ್ಗೆ ಇರಲಿಲ್ಲ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ ಅನ್ನೋದಾಗಿತ್ತು.

ಕೇಳಿದ್ದು 98. ಮಾತುಕತೆಯಲ್ಲಿ ಹಳೇ ಅಡುಗೆಮನೆ ತೋರಿಸಿ ಕಡಿಮೆ ಮಾಡಿ ಅಂದರು. 93.5 ಲಕ್ಷಕ್ಕೆ ಕುದುರಿತು. ಗೋಡೆಯ ಹೆಸರಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಬ್ಯಾಂಕಿನ ವಕೀಲರು, ಬೆಲೆ ಅಂದಾಜು ಮಾಡುವ ವ್ಯಾಲ್ಯುಯರ್ ಬಂದು ಹೋದರು. ವ್ಯಾಲ್ಯುಯರ್ ರಿಪೇರಿ ಬಿಲ್ಲುಗಳ ಪ್ರತಿ ಕೇಳಿ ತಗೊಂಡರು. ದಸರಾ ಮುಗಿದ ಮೇಲೆ ನೋಂದಣಿ ಆಯಿತು. ಬೆಲೆ 50 ಲಕ್ಷ ದಾಟಿದ್ದರಿಂದ ಕೊಳ್ಳುವವರು 1 ಪರ್ಸೆಂಟ್, ಅಂದರೆ 93,500 ರೂಪಾಯಿ, ಟಿಡಿಎಸ್ ಹಿಡಿದು ತೆರಿಗೆ ಇಲಾಖೆಗೆ ಕಟ್ಟಿದರು. ಟೀಚರ್‌ಗೆ ಇದನ್ನು ಮೊದಲೇ ಹೇಳಿದ್ದರಿಂದ ಚೆಕ್ಕಿನ ಮೊತ್ತ ನೋಡಿ ಗಾಬರಿಯಾಗಲಿಲ್ಲ.

ಬಿಲ್ಡರ್ ಹೇಳಿದ 80ಕ್ಕೂ ಈ 93.5ಕ್ಕೂ ಇರುವ ಅಂತರವೆಲ್ಲ ರಿಪೇರಿಯಿಂದ ಬಂದದ್ದು ಎಂದು ನಾನು ಹೇಳುವುದಿಲ್ಲ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 6.5ರಿಂದ 5.5 ಪರ್ಸೆಂಟಿಗೆ ಇಳಿಸಿತ್ತು. ಸಾಲ ಅಗ್ಗವಾಗಿ ಕೊಳ್ಳುವವರಿಗೆ ಧೈರ್ಯ ಬಂದಿತ್ತು. ಶ್ರಾವಣ, ದಸರಾ ಕಾಲವೂ ಸೇರಿತು. ನನಗೆ ಹೋಲಿಸಲು ಸರಿ ಅನಿಸುವುದು ಅದೇ ಮನೆಗೆ ಏಪ್ರಿಲ್ ಕೊನೆಯಲ್ಲಿ ಬಂದ 84ರ ಮಾತು. ಆಗಲೂ ಕೊಳ್ಳುವವರು ವಾಸಕ್ಕೇ ಬರುವವರಾಗಿದ್ದರು, ಗೋಡೆಗೆ ಹೊಸ ಬಣ್ಣವೂ ಇತ್ತು.

ಪೇಂಟು, ಪಾಲಿಶ್ ಖರ್ಚನ್ನು ಮಾರಾಟದ ಲಾಭದಿಂದ ಕಳೆದು ತೆರಿಗೆ ಉಳಿಸಬಹುದಾ ಎಂದು ಮಗಳು ಕೇಳಿದ್ದರು. ಮಾಮೂಲಿ ರಿಪೇರಿಯನ್ನು ಆಸ್ತಿಯ ಅಭಿವೃದ್ಧಿ ಖರ್ಚು ಎಂದು ಒಪ್ಪುವುದಿಲ್ಲ. ಅವರಿಗೆ ನಿಜಕ್ಕೂ ಲೆಕ್ಕಕ್ಕೆ ಬಂದದ್ದು ಬೇರೆ. ಮನೆ 2001ಕ್ಕಿಂತ ಹಳೆಯದಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಲಾಭದ ಲೆಕ್ಕದಲ್ಲಿ ಮೂಲ ಬೆಲೆಯಾಗಿ ಹಿಡಿಯಬಹುದು. ಮುಂದಿನದ್ದನ್ನು ಅವರ ಆಡಿಟರ್ ನೋಡಿಕೊಂಡರು.

ಇದನ್ನು ಓದಿ ಎಲ್ಲರೂ ರಿಪೇರಿಗೆ ಇಳಿಯಬೇಕಾಗಿಲ್ಲ. ಮನೆ ದೊಡ್ಡ ರಸ್ತೆಗೆ ಹತ್ತಿರವಿದ್ದು, ಅಕ್ಕಪಕ್ಕದ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿದ್ದರೆ ಬರುವವರು ಒಡೆಯುವವರೇ. ಅಂಥ ಕಡೆ ತಾರಸಿ ರಿಪೇರಿಗೂ ಗೋಡೆಯ ಬಣ್ಣಕ್ಕೂ ದುಡ್ಡು ಹಾಕಬೇಡಿ. ಖಾತೆ, ತೆರಿಗೆ ರಸೀದಿ, ಋಣಭಾರ ಪತ್ರ (ಆಸ್ತಿಯ ಮೇಲೆ ಸಾಲ ಇದೆಯೇ ಎಂದು ತೋರಿಸುವುದು), ಸೈಟಿನ ಸರಿಯಾದ ಅಳತೆ, ಇಷ್ಟು ಜೋಡಿಸಿಟ್ಟುಕೊಂಡು ಸೈಟ್ ರೇಟಿನ ಮೇಲೆ ಗಟ್ಟಿಯಾಗಿ ಕೂತುಕೊಳ್ಳಿ. ಬೀದಿಯಲ್ಲಿ ಇತ್ತೀಚೆಗೆ ಮಾರಾಟವಾದ ಎರಡು ಮೂರು ಮನೆಗಳು ಈಗ ಏನಾಗಿವೆ ಎಂದು ಹೋಗಿ ನೋಡಿದರೆ ನಿಮ್ಮ ಮನೆ ಯಾವ ಕಡೆಗೆ ಸೇರುತ್ತದೆ ಎಂದು ಗೊತ್ತಾಗುತ್ತದೆ.